ರಸ್ತೆ ಸವೆಸಿದವರು ಕೊಡಲಿ

ಟೋಲ್ ಗೇಟಿನ ಮುಂದೆ ನಗುತ್ತಾ ದುಡ್ಡು ಕೊಡುವವರನ್ನು ನಾನಂತೂ ನೋಡಿಲ್ಲ. ಗಾಡಿ ಕೊಂಡಾಗ ತೆರಿಗೆ ಕಟ್ಟಿರುತ್ತೇವೆ. ಇಂಧನ ಹಾಕಿಸುವಾಗ ಮತ್ತೆ ಕಟ್ಟಿರುತ್ತೇವೆ. ಇಲ್ಲಿ ಮೂರನೇ ಸಲ. ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ: ಇಷ್ಟೊಂದು ಯಾಕೆ? ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಬೇರೆ ಪ್ರಶ್ನೆ. ಈ ಖರ್ಚು ಯಾರ ಪಾಲಿನದು? ಒಂದೇ ಸಾಲಿನಲ್ಲಿ ನಿಂತ ಬೈಕು, ಕಾರು, ಬಸ್ಸು, ಹದಿನಾರು ಚಕ್ರದ ಲಾರಿ ಇವೆಲ್ಲ ಸೇರಿ ರಸ್ತೆಯನ್ನು ಸವೆಸುತ್ತವೆ, ನಿಜ. ಯಾರು ಎಷ್ಟು ಸವೆಸುತ್ತಾರೆ ಎಂದು ಲೆಕ್ಕ ಹಾಕಿ ಕೇಳುತ್ತಾರಾ? ಬಹಳ ಕಡೆ ಇಲ್ಲ.

ಈ ಲೆಕ್ಕ ಗೊತ್ತಿಲ್ಲ ಎನ್ನುವ ಹಾಗೂ ಇಲ್ಲ. ಅರವತ್ತು ವರ್ಷಗಳ ಹಿಂದೆಯೇ ಗೊತ್ತಾಗಿದೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಟ್ಟಾವ ಎಂಬ ಊರಿದೆ. ಅದರ ಹತ್ತಿರ 1950ರ ದಶಕದ ಕೊನೆಯಲ್ಲಿ ಒಂದಷ್ಟು ರಸ್ತೆ ಕಟ್ಟಿದರು. ಯಾವ ಊರಿಗೂ ಹೋಗದ ರಸ್ತೆಗಳು. ಸುತ್ತು ಹೊಡೆದು ಹೊರಟಲ್ಲಿಗೇ ಬರುವ ಆರು ಲೂಪುಗಳು. ಪ್ರತಿ ಲೂಪಿನಲ್ಲೂ ಸಣ್ಣ ಸಣ್ಣ ತುಂಡುಗಳು. ಒಂದು ತುಂಡಿಗೆ ಡಾಂಬರು ತೆಳ್ಳಗೆ, ಇನ್ನೊಂದಕ್ಕೆ ದಪ್ಪಗೆ, ಮತ್ತೊಂದಕ್ಕೆ ಕಾಂಕ್ರೀಟು. ಕೆಳಗಿನ ಜಲ್ಲಿಯ ಪದರವೂ ಬೇರೆ ಬೇರೆ ದಪ್ಪ. ಒಂದು ಲೂಪನ್ನು ಮಾತ್ರ ಗಾಡಿ ಓಡಿಸದೆ ಬಿಟ್ಟರು, ಬರೀ ಬಿಸಿಲು ಮಳೆ ಹಿಮಕ್ಕೆ ರಸ್ತೆ ಏನಾಗುತ್ತದೆ ನೋಡೋಣ ಅಂತ. ಉಳಿದ ಐದರಲ್ಲಿ ಪ್ರತಿ ಲೇನಿಗೂ ಒಂದೊಂದು ಬಗೆಯ ಗಾಡಿ, ಒಂದೊಂದು ತೂಕ. ಓಡಿಸುವವರು ಸೈನಿಕರು. 1958ರ ಕೊನೆಗೆ ಶುರುವಾದ ಓಟ 1960ರ ಕೊನೆಯವರೆಗೂ ನಡೆಯಿತು. ಎರಡು ವರ್ಷ, ಹಗಲು ರಾತ್ರಿ, ಅದೇ ಲೇನು, ಅದೇ ಲೋಡು. ನಿಲ್ಲಿಸುವ ಹೊತ್ತಿಗೆ ಆಕ್ಸಲ್‌ಗಳು, ಅಂದರೆ ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚುಗಳು, ಹತ್ತು ಲಕ್ಷಕ್ಕೂ ಜಾಸ್ತಿ ಸಲ ಆ ರಸ್ತೆ ತುಳಿದಿದ್ದವು.

ರಸ್ತೆ ಎಷ್ಟು ಹಾಳಾಯಿತು ಎಂದು ಹೇಳುವುದು ಹೇಗೆ? ಅದಕ್ಕೆ ಅವರು ಮಾಡಿದ್ದು ನನಗೆ ತುಂಬಾ ಇಷ್ಟ. ಒಂದಷ್ಟು ಜನರನ್ನು ಕಾರಿನಲ್ಲಿ ಕೂರಿಸಿ ಬೇರೆ ಬೇರೆ ರಸ್ತೆಗಳ ಮೇಲೆ ಕರೆದುಕೊಂಡು ಹೋದರು. ಸೊನ್ನೆಯಿಂದ ಐದರೊಳಗೆ ಅಂಕ ಕೊಡಿ ಎಂದರು. ಆಮೇಲೆ ಆ ಅಂಕಗಳನ್ನು ಬಿರುಕು, ಗುಂಡಿಗೆ ಹಾಕಿದ ತೇಪೆ, ಏರುಪೇರುಗಳ ಅಳತೆಗೆ ಹೊಂದಿಸಿದರು. ಕೂತವರ ಸೊಂಟಕ್ಕೆ ಗೊತ್ತಾದದ್ದೇ ಕೊನೆಗೆ ಎಂಜಿನಿಯರುಗಳ ಸೂತ್ರದೊಳಗೆ ಬಂತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಒಂದು ಆಕ್ಸಲ್ ರಸ್ತೆಗೆ ಮಾಡುವ ಹಾನಿ, ಅದರ ಮೇಲಿನ ತೂಕದ ನಾಲ್ಕನೇ ಘಾತಕ್ಕೆ ಹತ್ತಿರವಾಗಿ ಏರುತ್ತದೆ. ರಸ್ತೆಯ ಬಗೆ, ಕೆಳಗಿನ ಮಣ್ಣು ನೋಡಿ ಈ ಘಾತ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಲೆಕ್ಕದ ದಾರಿ ಇದೇ. ತೂಕ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಹತ್ತು ಪಟ್ಟಾದರೆ ಹತ್ತು ಸಾವಿರ ಪಟ್ಟು. ಎರಡು ಟನ್ನಿನ ದೊಡ್ಡ ಕಾರು ತನ್ನ ಒಂದೊಂದು ಆಕ್ಸಲ್ ಮೇಲೆ ಒಂದು ಟನ್ ಹೊರುತ್ತದೆ. ತುಂಬಿದ ಲಾರಿಯ ಒಂದು ಆಕ್ಸಲ್ ಮೇಲೆ ಹತ್ತು ಟನ್ ಇರುವುದು ಮಾಮೂಲಿ. ಅಂದರೆ ಆ ಒಂದು ಆಕ್ಸಲ್ ಒಂದು ಸಲ ದಾಟಿದರೆ, ಕಾರಿನ ಆಕ್ಸಲ್ ಹತ್ತು ಸಾವಿರ ಸಲ ದಾಟಿದ ಹಾಗೆ.

ಇದನ್ನು ಮೊದಲ ಸಲ ಓದಿದಾಗ ನಾನು ಕಾಗದ ತಗೊಂಡು ಗುಣಿಸಿ ನೋಡಿದೆ. ಓವರ್‌ಲೋಡಿನ ಲೆಕ್ಕವಂತೂ ಇನ್ನೂ ಬೆಚ್ಚಿಬೀಳಿಸುತ್ತದೆ. ಲೋಡು ಶೇಕಡಾ 20 ಜಾಸ್ತಿ ಹಾಕಿದರೆ ಹಾನಿ ಶೇಕಡಾ 20 ಜಾಸ್ತಿ ಆಗುವುದಿಲ್ಲ, ಎರಡು ಪಟ್ಟಾಗುತ್ತದೆ. ಶೇಕಡಾ 50 ಜಾಸ್ತಿ ಹಾಕಿದರೆ ಐದು ಪಟ್ಟು. ಒಂದು ಟ್ರಿಪ್ಪಿನಲ್ಲಿ ಇನ್ನೊಂದಿಷ್ಟು ತುಂಬಿಕೊಂಡು ಹೋಗೋಣ ಎಂದು ಸರಕಿನ ಮಾಲೀಕ ಉಳಿಸಿದ ದುಡ್ಡಿದೆಯಲ್ಲ, ಅದು ಎಲ್ಲೂ ಉಳಿದಿಲ್ಲ. ಅದರ ಹಲವು ಪಟ್ಟು ಖರ್ಚನ್ನು ರಸ್ತೆಯ ಮೇಲೆ ಹಾಕಿ ಹೋಗಿದ್ದಾನೆ. ರಸ್ತೆ ಎಲ್ಲರದು. ಹಾಗಾಗಿ ಬಿಲ್ಲೂ ಎಲ್ಲರದಾಗುತ್ತದೆ.

ಇದರಲ್ಲೇ ಒಳ್ಳೆಯ ಸುದ್ದಿಯೂ ಇದೆ. 20 ಟನ್ ಭಾರವನ್ನು ಎರಡು ಆಕ್ಸಲ್ ಮೇಲೆ ಹೊತ್ತರೆ ಆಗುವ ಹಾನಿ, ಅದನ್ನೇ ನಾಲ್ಕು ಆಕ್ಸಲ್‌ಗೆ ಹಂಚಿದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ ಭಾರ, ಅದೇ ದಾರಿ. ಅಂದರೆ ಲಾರಿ ದೊಡ್ಡದು ಎನ್ನುವುದೇ ತಪ್ಪಲ್ಲ. ಭಾರವನ್ನು ಹೇಗೆ ಹಂಚಿದೆ ಎನ್ನುವುದರಲ್ಲಿ ಎಲ್ಲ ಇದೆ. ತೆರಿಗೆ ಇದನ್ನು ನೋಡಿ ಬದಲಾಗುವ ಹಾಗಿದ್ದರೆ, ಮಾಲೀಕರು ತಾವಾಗಿಯೇ ಆಕ್ಸಲ್ ಜಾಸ್ತಿ ಇರುವ ಗಾಡಿ ಕೊಳ್ಳುತ್ತಾರೆ. ಯಾರೂ ಉಪದೇಶ ಮಾಡಬೇಕಿಲ್ಲ.

ರಸ್ತೆಯೊಳಗೆ ಆಗುವುದೇನು ಎಂದು ಹತ್ತಿರದಿಂದ ನೋಡಿದರೆ ಈ ಲೆಕ್ಕ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಭಾರದ ಚಕ್ರ ಬಂದಾಗ ಡಾಂಬರಿನ ಪದರ ಕೂದಲೆಳೆಯಷ್ಟು ಕೆಳಗೆ ಬಗ್ಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಚಕ್ರ ಹೋದ ಮೇಲೆ ಮತ್ತೆ ಮೇಲೆ ಬರುತ್ತದೆ. ಬಗ್ಗಿದಾಗ ಪದರದ ತಳಭಾಗ ಹಿಗ್ಗುತ್ತದೆ. ಲಕ್ಷ ಸಲ ಹಿಗ್ಗಿ ಹಿಗ್ಗಿ ತಳದಲ್ಲಿ ಸಣ್ಣ ಬಿರುಕು ಏಳುತ್ತದೆ. ಅದು ಮೇಲಕ್ಕೆ ಹತ್ತುತ್ತದೆ. ಮೇಲೆ ಬಂದ ದಿನ ನಮಗೆ ಮೊಸಳೆ ಚರ್ಮದ ಹಾಗೆ ಬಲೆ ಬಲೆ ಬಿರುಕು ಕಾಣುತ್ತದೆ. ಅಲ್ಲಿಂದ ಮಳೆನೀರು ಇಳಿಯುತ್ತದೆ. ಒದ್ದೆಯಾದ ಜಲ್ಲಿ, ಮಣ್ಣು ಸಡಿಲವಾಗುತ್ತದೆ. ಮುಂದಿನ ಚಕ್ರ ಬಂದು ಒತ್ತಿದಾಗ ಕೆಸರು ಬಿರುಕಿನಿಂದ ಹೊರಗೆ ಚಿಮ್ಮುತ್ತದೆ. ತಳ ಪೊಳ್ಳಾಗುತ್ತದೆ. ಒಂದು ದಿನ ಮೇಲಿನ ತುಂಡು ಕಳಚಿ ಬೀಳುತ್ತದೆ. ಆ ಗುಂಡಿಗೆ ಬೀಳುವವನು ಬೈಕಿನವನು. ರಸ್ತೆಗೆ ಅವನು ಮಾಡಿದ ಹಾನಿ ಲೆಕ್ಕಕ್ಕೇ ಬರುವುದಿಲ್ಲ. ಅವನ ಕಾಲು ಮುರಿದದ್ದೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಎಲ್ಲ ಖರ್ಚನ್ನೂ ಲಾರಿಯ ತಲೆಗೆ ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ಬಿಸಿಲಿಗೆ ಡಾಂಬರು ಗಡುಸಾಗಿ ಬಿರಿಯುತ್ತದೆ, ಅದಕ್ಕೆ ಯಾವ ಗಾಡಿಯೂ ಕಾರಣವಲ್ಲ. ಚರಂಡಿ ಹೂಳು ತೆಗೆಯಬೇಕು, ದೀಪ ಹಾಕಬೇಕು, ಫಲಕ ಬರೆಸಬೇಕು. ರಸ್ತೆ ನಾಲ್ಕು ಲೇನಾಗುವುದು ಬಹಳ ಸಲ ಕಾರುಗಳ ಸಂಖ್ಯೆ ನೋಡಿಯೇ. ಆ ಪಾಲನ್ನು ಎಲ್ಲರೂ ಹೊರಬೇಕು. ನಾನು ಹೇಳುವುದು ಸವೆತದ ಪಾಲಿನ ಬಗ್ಗೆ. ಅದನ್ನು ಸವೆಸಿದವರ ಹತ್ತಿರವೇ ಕೇಳಬೇಕು.

ಈಗ ನಾವು ದುಡ್ಡು ಎತ್ತುವ ದಾರಿಗಳನ್ನು ಈ ಕಣ್ಣಿನಿಂದ ನೋಡಿ. ಗಾಡಿ ಕೊಂಡಾಗಲೋ ವರ್ಷಕ್ಕೊಮ್ಮೆಯೋ ಕಟ್ಟುವ ತೆರಿಗೆಗೂ ರಸ್ತೆ ಬಳಕೆಗೂ ಸಂಬಂಧವೇ ಇಲ್ಲ. ಭಾನುವಾರ ಮಾತ್ರ ಕಾರು ತೆಗೆಯುವ ನಿವೃತ್ತರೂ ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸುವವರೂ ಒಂದೇ ಮೊತ್ತ ಕಟ್ಟುತ್ತಾರೆ. ಅದು ಗಾಡಿ ಇಟ್ಟುಕೊಂಡದ್ದಕ್ಕೆ ಕಟ್ಟುವ ದುಡ್ಡೇ ಹೊರತು ರಸ್ತೆಗಲ್ಲ.

ಇಂಧನದ ಮೇಲಿನ ತೆರಿಗೆ ಇದಕ್ಕಿಂತ ಎಷ್ಟೋ ವಾಸಿ. ಜಾಸ್ತಿ ಓಡಿಸಿದವರು ಜಾಸ್ತಿ ಕೊಡುತ್ತಾರೆ. ವಸೂಲಿಯೂ ಸುಲಭ, ಪ್ರತಿ ಗಾಡಿಯ ಹಿಂದೆ ಓಡಬೇಕಿಲ್ಲ. ಅಮೆರಿಕದಲ್ಲಿ ಒರೆಗಾನ್ ರಾಜ್ಯ 1919ರಲ್ಲಿ ಮೊದಲ ಬಾರಿಗೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ (ಸುಮಾರು 3.8 ಲೀಟರಿಗೆ) ಒಂದು ಸೆಂಟ್ ತೆರಿಗೆ ಹಾಕಿತು. ಕೆಲವೇ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಅದೇ ದಾರಿ ಹಿಡಿದವು. ಆದರೆ ತೂಕದ ವಿಷಯ ಬಂದಾಗ ಈ ತೆರಿಗೆ ಸೋಲುತ್ತದೆ. ತುಂಬಿದ ಲಾರಿ ಕಾರಿಗಿಂತ ಐದಾರು ಪಟ್ಟು ಇಂಧನ ಕುಡಿಯಬಹುದು. ತೆರಿಗೆಯೂ ಐದಾರು ಪಟ್ಟು. ಸವೆತ ಮಾತ್ರ ಸಾವಿರಾರು ಪಟ್ಟು. ನಡುವಿನ ಆ ದೊಡ್ಡ ಅಂತರವನ್ನು ತುಂಬುವವರು ಯಾರು? ಕಾರಿನವರು, ಬೈಕಿನವರು, ಗಾಡಿಯೇ ಇಲ್ಲದೆ ಬೇರೆ ತೆರಿಗೆ ಕಟ್ಟುವವರು.

ಇನ್ನೊಂದು ತೊಂದರೆಯೂ ಇದೆ. ಈ ತೆರಿಗೆಯನ್ನು ಲೀಟರಿಗೆ ಇಷ್ಟು ಎಂದು ನಿಗದಿ ಮಾಡಿ ಮರೆತುಬಿಟ್ಟರೆ, ಅದು ವರ್ಷ ವರ್ಷ ತೆಳ್ಳಗಾಗುತ್ತಾ ಹೋಗುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. 1993ರಿಂದ ಅಷ್ಟೇ ಇದೆ. ಜಲ್ಲಿ, ಸಿಮೆಂಟು, ಕೂಲಿ ಎಲ್ಲದರ ಬೆಲೆ ಏರಿತು, ಗಾಡಿಗಳ ಮೈಲೇಜೂ ಏರಿತು, ತೆರಿಗೆ ಅಲ್ಲೇ ನಿಂತಿತು. ರಸ್ತೆಗಾಗಿಯೇ 1956ರಲ್ಲಿ ಮಾಡಿದ ನಿಧಿ ಬರಿದಾಗಿ, 2008ರಿಂದ ಸಾಮಾನ್ಯ ಖಜಾನೆಯಿಂದ ದುಡ್ಡು ಸುರಿಯಬೇಕಾಗಿ ಬಂದಿದೆ.

ಬೇರೆ ದಾರಿ ಇದೆಯಾ? ಇದೆ, ಮಾಡಿ ತೋರಿಸಿದವರೂ ಇದ್ದಾರೆ. ನ್ಯೂಜಿಲೆಂಡ್ 1978ರಿಂದ ಡೀಸೆಲ್ ಗಾಡಿಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೇಳುತ್ತಿದೆ. ಅಲ್ಲಿ ಡೀಸೆಲ್ ಮೇಲೆ ರಸ್ತೆಯ ತೆರಿಗೆ ಹಾಕುವುದಿಲ್ಲ. ಯಾಕೆಂದರೆ ಟ್ರ್ಯಾಕ್ಟರಿಗೂ ದೋಣಿಗೂ ಹಾಕುವ ಡೀಸೆಲ್ ರಸ್ತೆಯನ್ನು ಮುಟ್ಟುವುದೇ ಇಲ್ಲ. ಗಾಡಿಯವರು ಸಾವಿರ ಸಾವಿರ ಕಿಲೋಮೀಟರ್ ಲೆಕ್ಕದಲ್ಲಿ ಮುಂಚೆಯೇ ಕೊಂಡುಕೊಳ್ಳಬೇಕು. ಎಲ್ಲಿಯವರೆಗೆ ಕೊಂಡಿದ್ದೀರಿ ಎನ್ನುವ ಚೀಟಿ ಗಾಜಿನ ಮೇಲೆ. ಭಾರೀ ಗಾಡಿಗಳ ಚಕ್ರದ ಗುಂಬಕ್ಕೆ ಒಂದು ಪುಟ್ಟ ಮೀಟರು ಕೂರಿಸಿರುತ್ತಾರೆ, ಚಕ್ರ ಸುತ್ತಿದಂತೆ ಅದು ಎಣಿಸುತ್ತದೆ. ದರ ಎಲ್ಲರಿಗೂ ಒಂದಲ್ಲ. ತೂಕ ಎಷ್ಟು, ಆಕ್ಸಲ್ ಎಷ್ಟು, ಅವುಗಳನ್ನು ಹೇಗೆ ಜೋಡಿಸಿದೆ ನೋಡಿ ಬದಲಾಗುತ್ತದೆ. ಅದೇ ತೂಕಕ್ಕೆ ಆಕ್ಸಲ್ ಜಾಸ್ತಿ ಇದ್ದರೆ ಕಿಲೋಮೀಟರಿಗೆ ಕಡಿಮೆ. ಇಲಿನಾಯ್‌ನಲ್ಲಿ ಸೈನಿಕರು ಎರಡು ವರ್ಷ ಸುತ್ತು ಹೊಡೆದು ಕಂಡುಕೊಂಡದ್ದು ಇಲ್ಲಿ ದರಪಟ್ಟಿಯಾಗಿ ಗೋಡೆಗೆ ಹತ್ತಿದೆ ಎನ್ನಬಹುದು.

ಸ್ವಿಟ್ಜರ್ಲೆಂಡಿನ ಕತೆ ಇನ್ನೂ ದೊಡ್ಡದು. ಯುರೋಪಿನ ನಡುವೆ ಕೂತ ಪುಟ್ಟ ದೇಶ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ಲಾರಿಗಳು ಅದರ ಕಣಿವೆಗಳಲ್ಲೇ ಹಾದುಹೋಗುತ್ತವೆ. ಹೊಗೆ, ಸದ್ದು, ಸವೆತ ಎಲ್ಲ ಕಣಿವೆಯವರಿಗೆ. ಸರಕು ಇನ್ನೆಲ್ಲಿಗೋ. 1998ರಲ್ಲಿ ಅಲ್ಲಿ ಜನಮತ ಕೇಳಿದರು. ಲಾರಿ ಮಾಲೀಕರ ವಿರೋಧ ಜೋರಾಗಿತ್ತು, ಆದರೂ ಶೇಕಡಾ 57ರಷ್ಟು ಜನ ಹೌದು ಎಂದರು. 2001ರ ಜನವರಿ 1ರಿಂದ ಮೂರೂವರೆ ಟನ್ನಿಗಿಂತ ಭಾರದ ಸರಕು ಗಾಡಿಗಳೆಲ್ಲ ಪ್ರತಿ ಕಿಲೋಮೀಟರಿಗೆ ದುಡ್ಡು ಕಟ್ಟುತ್ತಿವೆ. ಹೆದ್ದಾರಿಗೆ ಮಾತ್ರ ಅಲ್ಲ, ದೇಶದ ಎಲ್ಲ ರಸ್ತೆಗೂ. ಲೆಕ್ಕ ಸರಳ: ಗಾಡಿ ಹೊರಬಹುದಾದ ಒಟ್ಟು ತೂಕ, ಓಡಿದ ದೂರ, ಹೊಗೆಯ ದರ್ಜೆ. ಮೂರನ್ನೂ ಗುಣಿಸಿದರೆ ಬಿಲ್ಲು.

ಇಲ್ಲಿ ಒಂದು ಸೂಕ್ಷ್ಮ ನೋಡಿ. ಹೊತ್ತ ತೂಕ ಅಲ್ಲ, ಹೊರಬಹುದಾದ ತೂಕ. ಖಾಲಿ ಓಡಿದರೂ ಅಷ್ಟೇ ಬಿಲ್ಲು. ಸವೆತದ ಲೆಕ್ಕದಲ್ಲಿ ಇದು ಪೂರ್ತಿ ಸರಿಯಲ್ಲ ಎಂದು ಹಟ ಹಿಡಿಯಬಹುದು. ಆದರೆ ಇದರಿಂದ ಖಾಲಿ ಲಾರಿ ಓಡಿಸುವುದು ನಷ್ಟದ ಬಾಬತ್ತಾಯಿತು. ವಾಪಸು ಬರುವಾಗಲೂ ಲೋಡು ಹುಡುಕಲು ಶುರುಮಾಡಿದರು. ಅದೇ ಹೊತ್ತಿಗೆ ಲಾರಿಗಳ ತೂಕದ ಮಿತಿಯನ್ನು 28 ಟನ್ನಿನಿಂದ 34ಕ್ಕೆ, 2005ರಲ್ಲಿ 40ಕ್ಕೆ ಏರಿಸಿದರು. 2000ದಲ್ಲಿ ಆಲ್ಪ್ಸ್ ದಾಟುತ್ತಿದ್ದ ಲಾರಿಗಳು ವರ್ಷಕ್ಕೆ 14 ಲಕ್ಷ. ಮುಂದೆ ಅದು 10 ಲಕ್ಷಕ್ಕಿಂತ ಕೆಳಗೆ ಬಂತು. ಗುರಿ ಇಟ್ಟುಕೊಂಡದ್ದು 6.5 ಲಕ್ಷ, ಅಷ್ಟು ಇಳಿಸಲು ಆಗಿಲ್ಲ. ಬಂದ ದುಡ್ಡಿನ ದೊಡ್ಡ ಪಾಲು ರೈಲಿಗೆ ಹೋಯಿತು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗ ಇದೆಯಲ್ಲ, ಅದರಲ್ಲಿ ಲಾರಿಗಳು ಕಟ್ಟಿದ ದುಡ್ಡೂ ಇದೆ.

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬರುತ್ತದೆ. ಲಾರಿ ಏನು ಮಜಾ ಮಾಡಲು ಓಡುತ್ತದಾ? ನಾವು ತಿನ್ನುವುದು ಉಡುವುದು ಎಲ್ಲ ಅದರಲ್ಲೇ ಬರುವುದು. ಲಾರಿಗೆ ಸುಂಕ ಏರಿಸಿದರೆ ಸಾಮಾನಿನ ಬೆಲೆ ಏರುತ್ತದೆ, ಕೊನೆಗೆ ಕೊಡುವವರು ನಾವೇ ಅಲ್ವಾ?

ಹೌದು, ನಾವೇ. ಕೊಡಬೇಕಾದವರೂ ನಾವೇ. ದೂರದಿಂದ ಬಂದ ಭಾರದ ಸಾಮಾನು ಕೊಂಡವನು ಆ ದೂರದ ಖರ್ಚನ್ನೂ ಕೊಡುವುದು ನ್ಯಾಯ. ಈಗ ಏನಾಗುತ್ತಿದೆ? ಆ ಸಾಮಾನು ಕೊಳ್ಳದವನೂ, ಆ ರಸ್ತೆಯಲ್ಲಿ ಕಾಲಿಡದವನೂ ತೆರಿಗೆಯ ಮೂಲಕ ಅದರ ಸಾಗಣೆಗೆ ದುಡ್ಡು ಹಾಕುತ್ತಿದ್ದಾನೆ. ಬೆಲೆ ಏರುವುದಿಲ್ಲ ಅಂದರೆ ಖರ್ಚೇ ಇಲ್ಲ ಎಂದಲ್ಲ, ಬೇರೆಯವರ ಜೇಬಿನಿಂದ ಹೋಗುತ್ತಿದೆ ಅಷ್ಟೇ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಇದನ್ನು ಹೇಳಿದ್ದ. ಗಾಡಿಗಳು ತಮ್ಮ ತೂಕಕ್ಕೆ ತಕ್ಕಂತೆ ಸುಂಕ ಕೊಟ್ಟರೆ ತಾವು ಮಾಡಿದ ಸವೆತಕ್ಕೆ ತಕ್ಕಂತೆ ಕೊಟ್ಟ ಹಾಗೆ. ಮೊದಲು ಸಾಗಿಸುವವನು ಕೊಟ್ಟರೂ ಕೊನೆಗೆ ಸರಕು ಬಳಸುವವನೇ ಕೊಡುತ್ತಾನೆ, ಆದರೆ ಒಳ್ಳೆಯ ರಸ್ತೆಯಿಂದ ಸಾಗಣೆಯೇ ಅಗ್ಗವಾಗಿ ಅವನಿಗೆ ಲಾಭವೇ ಆಗುತ್ತದೆ ಎಂದ. ಶ್ರೀಮಂತರ ಸವಾರಿ ಗಾಡಿಗಳಿಗೆ ತೂಕಕ್ಕಿಂತ ಸ್ವಲ್ಪ ಜಾಸ್ತಿಯೇ ಕೇಳಿ ಎಂದೂ ಸೇರಿಸಿದ್ದ. ಎತ್ತು ಕುದುರೆಗಳ ಕಾಲದ ಮಾತು. ಈಗಲೂ ಹಾಗೇ ನಿಲ್ಲುತ್ತದೆ.

ಇನ್ನೊಂದು ವಿಷಯ. ರಸ್ತೆಗೆ ಹೀಗೆ ಒಳಗಿಂದೊಳಗೆ ದುಡ್ಡು ಹಾಕುತ್ತಿರುವವರೆಗೆ ರೈಲು ಸ್ಪರ್ಧೆಯಲ್ಲಿ ಗೆಲ್ಲುವುದಿಲ್ಲ. ರೈಲಿನವರು ತಮ್ಮ ಹಳಿಯನ್ನು ತಾವೇ ನೋಡಿಕೊಳ್ಳಬೇಕು, ಇಲ್ಲವೇ ಹಳಿಗೆ ಬಾಡಿಗೆ ಕಟ್ಟಬೇಕು. ಲಾರಿಯವನ ಹಳಿಯನ್ನು ಊರವರೆಲ್ಲ ನೋಡಿಕೊಳ್ಳುತ್ತಾರೆ. ಆಮೇಲೆ ರೈಲು ದುಬಾರಿ ಎಂದು ನಾವೇ ದೂರುತ್ತೇವೆ.

ಆದರೆ ಲೆಕ್ಕ ಸರಿ ಇದ್ದ ಮಾತ್ರಕ್ಕೆ ಜನ ಒಪ್ಪುತ್ತಾರೆ ಅಂದುಕೊಳ್ಳಬಾರದು. ಸುಂಕದ ಚರಿತ್ರೆ ತುಂಬಾ ಸಿಟ್ಟೇ ಇದೆ. ಆ ಸಿಟ್ಟನ್ನು ಮೂರ್ಖತನ ಎಂದು ತಳ್ಳಿಹಾಕುವವರ ಜೊತೆ ನಾನು ಇಲ್ಲ.

1839ರ ಮೇ ತಿಂಗಳು. ವೇಲ್ಸ್‌ನ ಪಶ್ಚಿಮದಲ್ಲಿ ಎವೈಲ್‌ವೆನ್ ಎಂಬ ಹಳ್ಳಿ. ಅಲ್ಲಿ ಹೊಸದಾಗಿ ಹಾಕಿದ್ದ ಸುಂಕದ ಗೇಟನ್ನು ರೈತರು ಒಡೆದು ಹಾಕಿದರು. ಗಂಡಸರು ಹೆಂಗಸರ ಬಟ್ಟೆ ಹಾಕಿ, ಮುಖಕ್ಕೆ ಮಸಿ ಬಳಿದು ಬಂದಿದ್ದರು. ಮುಂದಾಳನ್ನು ರೆಬೆಕ್ಕಾ ಎಂದು ಕರೆಯುತ್ತಿದ್ದರು. ಆ ಗಲಾಟೆ 1843ರವರೆಗೂ ಊರಿಂದ ಊರಿಗೆ ಹಬ್ಬಿತು. ಅವರ ಸಂಕಟ ಏನಾಗಿತ್ತು ಗೊತ್ತಾ? ಅಲ್ಲಿನ ಮಣ್ಣು ಹುಳಿ. ಬೆಳೆ ಬರಬೇಕಾದರೆ ಸುಣ್ಣ ಹಾಕಲೇಬೇಕು. ಸುಣ್ಣದ ಗಾಡಿ ಹೊಡೆದುಕೊಂಡು ಬರುವ ದಾರಿಯಲ್ಲಿ, ರಸ್ತೆ ನೋಡಿಕೊಳ್ಳಲು ಸುಂಕ ಎತ್ತುವ ಬೇರೆ ಬೇರೆ ಟ್ರಸ್ಟುಗಳ ಗೇಟುಗಳು. ಒಂದು ದಾಟಿದರೆ ಇನ್ನೊಂದು, ಪ್ರತಿಯೊಂದಕ್ಕೂ ಬೇರೆ ಸುಂಕ. ಗೇಟು ತಪ್ಪಿಸಿ ಹೋಗುವ ಅಡ್ಡದಾರಿಗೂ ಗೇಟು ಹಾಕಿದರು. ವಸೂಲಿಯನ್ನು ಗುತ್ತಿಗೆಗೆ ಕೊಟ್ಟಿದ್ದರು. ಗುತ್ತಿಗೆದಾರನಿಗೆ ರಸ್ತೆ ಹೇಗಿದ್ದರೇನು, ದುಡ್ಡು ಬಂದರಾಯಿತು. ಫಸಲು ಕೆಟ್ಟ ವರ್ಷಗಳು ಬೇರೆ. ಕೊನೆಗೆ ಸರ್ಕಾರ ವಿಚಾರಣೆಗೆ ಆಯೋಗ ಕೂರಿಸಿತು. 1844ರಲ್ಲಿ ಕಾನೂನು ತಂದು, ಆ ಚೂರುಚೂರು ಟ್ರಸ್ಟುಗಳನ್ನು ಒಟ್ಟುಮಾಡಿ ಜಿಲ್ಲೆಗೊಂದು ರಸ್ತೆ ಮಂಡಳಿಯ ಕೈಗೆ ಕೊಟ್ಟರು.

ಆ ರೈತರು ರಸ್ತೆಗೆ ದುಡ್ಡು ಕೊಡುವುದಿಲ್ಲ ಎಂದಿರಲಿಲ್ಲ. ಒಂದೇ ಲೋಡಿಗೆ ಎಷ್ಟು ಸಲ ಕೊಡಬೇಕು, ಬೇರೆ ದಾರಿಯೇ ಇಲ್ಲದವನ ಹತ್ತಿರ ಎಷ್ಟು ಕೀಳಬಹುದು ಎನ್ನುವುದು ಅವರ ಪ್ರಶ್ನೆ. ಸವೆತದ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ಅದಕ್ಕೇ ನಾನು ಇದನ್ನು ಇಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ.

ಈಚಿನದೇ ಬೇಕಾದರೆ ಫ್ರಾನ್ಸ್ ನೋಡಿ. ಮೂರೂವರೆ ಟನ್ ಮೀರಿದ ಲಾರಿಗಳಿಗೆ ಕಿಲೋಮೀಟರ್ ಸುಂಕ ಹಾಕಲು ಅಲ್ಲಿ ಎಲ್ಲ ತಯಾರಿ ಆಗಿತ್ತು. ರಸ್ತೆಗಳ ಮೇಲೆ ಕ್ಯಾಮರಾ ಹೊತ್ತ ಕಮಾನುಗಳು ಎದ್ದು ನಿಂತಿದ್ದವು. 2013ರಲ್ಲಿ ಬ್ರಿಟನಿ ಪ್ರಾಂತ್ಯದ ಜನ ಕೆಂಪು ಟೋಪಿ ಹಾಕಿಕೊಂಡು ಬೀದಿಗಿಳಿದರು, ಕಮಾನುಗಳಿಗೆ ಬೆಂಕಿ ಹಚ್ಚಿದರು. ದೇಶದ ಪಶ್ಚಿಮ ತುದಿಯ ಪ್ರಾಂತ್ಯ ಅದು. ಮಾಂಸ, ಹಾಲು, ತರಕಾರಿ ಬೆಳೆದು ದೂರದ ಊರುಗಳಿಗೆ ಕಳಿಸಿ ಬದುಕುವವರು. ಕಿಲೋಮೀಟರ್ ಲೆಕ್ಕ ಎಂದ ಕೂಡಲೇ ಮೂಲೆಯಲ್ಲಿರುವವನಿಗೇ ಪೆಟ್ಟು ಜಾಸ್ತಿ. ಅಕ್ಟೋಬರಿನಲ್ಲಿ ಸರ್ಕಾರ ಸುಂಕವನ್ನು ತಡೆಹಿಡಿಯಿತು, ಮುಂದಿನ ವರ್ಷ ಕೈಬಿಟ್ಟಿತು. ವಸೂಲಿಯ ಗುತ್ತಿಗೆ ಹಿಡಿದಿದ್ದ ಕಂಪನಿಗೆ ಕೋಟಿಗಟ್ಟಲೆ ಯೂರೋ ಪರಿಹಾರ ಕೊಡಬೇಕಾಯಿತು. ಸುಂಕದ ದುಡ್ಡು ರಸ್ತೆಗೂ ಬರಲಿಲ್ಲ, ರೈಲಿಗೂ ಬರಲಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ನಡೆದದ್ದು ಫ್ರಾನ್ಸಿನಲ್ಲಿ ಯಾಕೆ ನಡೆಯಲಿಲ್ಲ? ನನಗೆ ಕಾಣುವ ಕಾರಣ ಇದು. ಒಂದು ಕಡೆ ಜನರನ್ನು ಮೊದಲೇ ಕೇಳಿದರು, ದುಡ್ಡು ಯಾವ ಸುರಂಗಕ್ಕೆ ಹೋಗುತ್ತದೆ ಎಂದು ತೋರಿಸಿದರು, ಲಾರಿಯವರಿಗೆ ತೂಕದ ಮಿತಿ ಏರಿಸಿಕೊಟ್ಟರು. ಇನ್ನೊಂದು ಕಡೆ ಕಮಾನು ಮೊದಲು ಬಂತು, ಮಾತು ಆಮೇಲೆ. ದೂರದ ಪ್ರಾಂತ್ಯಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟಿದ್ದರು ನಿಜ. ಆದರೆ ರಿಯಾಯಿತಿಯನ್ನು ಕೈಗೆ ಹಾಕಿದ್ದಕ್ಕೂ, ಕೂತು ಮಾತಾಡಿ ಒಪ್ಪಿಸಿದ್ದಕ್ಕೂ ವ್ಯತ್ಯಾಸ ಇದೆ.

ನ್ಯಾಯ ಎಂದರೆ ಹೊರಗಿನವರಿಗೂ ನ್ಯಾಯ. ಜರ್ಮನಿ ಕಾರುಗಳಿಗೆ ಹೆದ್ದಾರಿ ಸುಂಕ ಹಾಕಲು ಹೊರಟಿತ್ತು. ತನ್ನ ದೇಶದವರಿಗೆ ಮಾತ್ರ ಅಷ್ಟೇ ಮೊತ್ತವನ್ನು ವಾಹನ ತೆರಿಗೆಯಲ್ಲಿ ಕಳೆದುಕೊಡುವ ಏರ್ಪಾಡು. ಅಂದರೆ ಕೊನೆಗೆ ಜೇಬು ಖಾಲಿಯಾಗುವುದು ಪರದೇಶದವರದು ಮಾತ್ರ. ಆಸ್ಟ್ರಿಯಾ ಕೋರ್ಟಿಗೆ ಹೋಯಿತು. 2019ರ ಜೂನಿನಲ್ಲಿ ಯುರೋಪಿನ ನ್ಯಾಯಾಲಯ ಇದು ತಾರತಮ್ಯ ಎಂದು ಹೊಡೆದುಹಾಕಿತು. ಸರಿಯಾದ ತೀರ್ಪು. ಗಾಡಿಯ ನಂಬರ್ ಪ್ಲೇಟ್ ಯಾವ ದೇಶದ್ದು ಎನ್ನುವುದು ಡಾಂಬರಿಗೆ ಗೊತ್ತಾಗುವುದಿಲ್ಲ. ಯುರೋಪಿನ ಒಕ್ಕೂಟ ಇನ್ನೊಂದು ಒಳ್ಳೆಯ ಕೆಲಸ ಮಾಡಿದೆ. ದಿನಕ್ಕೆ, ವರ್ಷಕ್ಕೆ ಇಷ್ಟು ಎಂದು ಭಾರೀ ಲಾರಿಗಳಿಗೆ ಮಾರುವ ಚೀಟಿಗಳನ್ನು ಮುಖ್ಯ ಹೆದ್ದಾರಿಗಳಲ್ಲಿ ನಿಲ್ಲಿಸಿ ದೂರದ ಲೆಕ್ಕಕ್ಕೆ ಬನ್ನಿ ಎಂದು 2022ರ ನಿಯಮದಲ್ಲಿ ಹೇಳಿದೆ. ಕೆಲವು ವಿನಾಯಿತಿಗಳಿವೆ, ಇರಲಿ.

ಇಲ್ಲಿಯವರೆಗೆ ಲಾರಿಯ ಮಾತೇ ಆಯಿತು. ಕಾರಿನವರು ನಿರಾಳವಾಗಿ ಕೂರುವ ಹಾಗೆ ಇಲ್ಲ. ಊರ ನಡುವೆ, ಬೆಳಗಿನ ಒಂಬತ್ತು ಗಂಟೆಗೆ, ರಸ್ತೆಯ ನಿಜವಾದ ಖರ್ಚು ಸವೆತ ಅಲ್ಲ, ಜಾಗ. ಒಬ್ಬರೇ ಕೂತ ಕಾರು ಅಲ್ಲಿ ಅತಿ ದುಬಾರಿ ಗಿರಾಕಿ. ಹಿಂದೆ ನಿಂತ ಬಸ್ಸಿನಲ್ಲಿರುವ ಐವತ್ತು ಜನರ ಹೊತ್ತನ್ನು ಅದು ತಿನ್ನುತ್ತಿರುತ್ತದೆ. ಸಿಂಗಾಪುರ ಇದಕ್ಕೆ 1975ರಲ್ಲೇ ಸುಂಕ ಹಾಕಿತು. ಲಂಡನ್ 2003ರಲ್ಲಿ, ನ್ಯೂಯಾರ್ಕ್ 2025ರಲ್ಲಿ. ನನಗೆ ಹಿಡಿಸಿದ್ದು ಸ್ಟಾಕ್‌ಹೋಮ್ ಮಾಡಿದ ರೀತಿ. 2006ರ ಜನವರಿಯಿಂದ ಜುಲೈವರೆಗೆ ಬರೀ ಪ್ರಯೋಗ ಎಂದು ಸುಂಕ ಹಾಕಿದರು. ಅದಕ್ಕೆ ಮೊದಲೇ ಬಸ್ಸುಗಳನ್ನು ಹೆಚ್ಚಿಸಿದ್ದರು. ಊರೊಳಗೆ ಬರುವ ಗಾಡಿಗಳು ಸುಮಾರು ಐದನೇ ಒಂದು ಪಾಲು ಕಡಿಮೆಯಾದವು. ಜುಲೈ ಮುಗಿದ ಮೇಲೆ ಸುಂಕ ತೆಗೆದರು, ದಟ್ಟಣೆ ಮತ್ತೆ ಏರಿತು. ಸೆಪ್ಟೆಂಬರಿನಲ್ಲಿ ಮತ ಕೇಳಿದರು. ಮೊದಲು ಬೇಡ ಎನ್ನುತ್ತಿದ್ದ ನಗರವೇ ಬೇಕು ಎಂದಿತು. 2007ರ ಆಗಸ್ಟಿನಿಂದ ಸುಂಕ ಕಾಯಂ ಆಯಿತು. ಎರಡನ್ನೂ ಕಣ್ಣಾರೆ ನೋಡಿದ ಮೇಲೆ ಜನ ತೀರ್ಮಾನ ಮಾಡಿದರು, ಯಾರೋ ವರದಿ ಬರೆದು ಒಪ್ಪಿಸಿದ್ದಲ್ಲ.

ಎಲ್ಲಿ ಎಷ್ಟು ಓಡಿದೆ ಎಂದು ಎಣಿಸಬೇಕಾದರೆ ಗಾಡಿಯ ಬೆನ್ನು ಹತ್ತಬೇಕಲ್ಲ ಎಂದು ಕೆಲವರಿಗೆ ಭಯ. ನ್ಯಾಯವಾದ ಭಯವೇ. ಆದರೆ ಸವೆತದ ಲೆಕ್ಕಕ್ಕೆ ಎಷ್ಟು ಓಡಿತು ಎನ್ನುವುದು ಸಾಕು, ಎಲ್ಲಿ ಹೋಯಿತು ಎನ್ನುವುದು ಬೇಕಿಲ್ಲ. ಚಕ್ರಕ್ಕೆ ಕೂರಿಸಿದ ಮೀಟರಿಗೆ ನೀವು ಯಾರ ಮನೆಗೆ ಹೋದಿರಿ ಎಂದು ಗೊತ್ತಾಗುವುದಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದು ಮಾತ್ರ ಗೊತ್ತಾಗಲೇಬೇಕು. ಬ್ರಿಟನ್ 1920ರಲ್ಲಿ ವಾಹನ ತೆರಿಗೆಯ ದುಡ್ಡನ್ನು ರಸ್ತೆಗೇ ಇಡುವ ನಿಧಿ ಮಾಡಿತು. ಕೆಲವೇ ವರ್ಷಕ್ಕೆ ಅದರಲ್ಲಿ ದುಡ್ಡು ಮಿಕ್ಕಿತು. ಆಗ ಹಣಕಾಸು ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅದಕ್ಕೆ ಕೈ ಹಾಕಿದರು. 1937ರ ಹೊತ್ತಿಗೆ ತೆರಿಗೆಗೂ ರಸ್ತೆಗೂ ಇದ್ದ ನಂಟೇ ಕಡಿದುಹೋಯಿತು. ಅಲ್ಲಿನ ಜನ ಈಗಲೂ ಅದನ್ನು ರೋಡ್ ಟ್ಯಾಕ್ಸ್ ಎಂದೇ ಕರೆಯುತ್ತಾರೆ, ನೀವು ರೋಡ್ ಟ್ಯಾಕ್ಸ್ ಕಟ್ಟುವುದಿಲ್ಲ ಎಂದು ಸೈಕಲ್ಲಿನವರ ಮೇಲೆ ರೇಗುತ್ತಾರೆ. ಸೈಕಲ್ಲಿನವರು ಬೇರೆ ತೆರಿಗೆ ಕಟ್ಟಿಯೇ ಇರುತ್ತಾರೆ, ರಸ್ತೆಗೆ ಅವರಿಂದ ಒಂದು ಗೀರೂ ಬೀಳುವುದಿಲ್ಲ. ರಸ್ತೆಯ ಹೆಸರಲ್ಲಿ ಎತ್ತಿದ ದುಡ್ಡಿಗೆ ರಸ್ತೆಯ ಲೆಕ್ಕ ಕೊಡದಿದ್ದರೆ ಇಂಥ ಜಗಳಗಳೇ ಹುಟ್ಟುವುದು. ಲಂಡನ್ನಿನ ದಟ್ಟಣೆ ಸುಂಕದ ಉಳಿಕೆ ದುಡ್ಡನ್ನು ಸಾರಿಗೆಗೇ ಹಾಕಬೇಕು ಎಂದು ಕಾನೂನಿನಲ್ಲೇ ಬರೆದಿಟ್ಟರು. ಆ ಪಾಠ ಅವರಿಗೆ ತಡವಾಗಿಯಾದರೂ ಹತ್ತಿತ್ತು ಅನಿಸುತ್ತದೆ.

ಈಗ ಇದೆಲ್ಲ ಅವಸರದ ವಿಷಯ ಆಗಿರುವುದು ವಿದ್ಯುತ್ ಗಾಡಿಗಳಿಂದ. ಅವು ಪೆಟ್ರೋಲ್ ಹಾಕಿಸುವುದಿಲ್ಲ, ಇಂಧನದ ತೆರಿಗೆಯೂ ಕಟ್ಟುವುದಿಲ್ಲ. ಐಸ್‌ಲ್ಯಾಂಡ್ 2024ರ ಜನವರಿಯಿಂದ ವಿದ್ಯುತ್ ಕಾರುಗಳಿಗೆ ಕಿಲೋಮೀಟರ್ ಸುಂಕ ಹಾಕಿದೆ. ಅದೇ ವರ್ಷ ಏಪ್ರಿಲಿನಿಂದ ನ್ಯೂಜಿಲೆಂಡ್ ಕೂಡ ಸಾವಿರ ಕಿಲೋಮೀಟರಿಗೆ 76 ಡಾಲರಿನಂತೆ ಕೇಳುತ್ತಿದೆ. ಹೊಗೆ ಬಿಡದ ಗಾಡಿಗೆ ಸುಂಕ ಹಾಕಿದರೆ ಯಾರು ಕೊಳ್ಳುತ್ತಾರೆ ಎಂದು ಬೇಸರ ಪಡುವವರ ಮಾತೂ ನನಗೆ ಗೊತ್ತು. ನನಗೂ ಆ ಗಾಡಿಗಳು ಬೇಗ ಹೆಚ್ಚಲಿ ಎಂದೇ ಆಸೆ. ಆದರೆ ಎರಡು ಖಾತೆಗಳನ್ನು ಬೇರೆ ಬೇರೆ ಇಡಬೇಕು. ಗಾಳಿಯ ಖಾತೆಯಲ್ಲಿ ಅವುಗಳಿಗೆ ಪೂರ್ತಿ ಮಾಫಿ ಕೊಡಿ, ಕೊಳ್ಳಲು ಸಹಾಯಧನವನ್ನೂ ಕೊಡಿ. ರಸ್ತೆಯ ಖಾತೆಯಲ್ಲಿ ಮಾಫಿ ಬೇಡ.

ಅದರಲ್ಲೂ ಲಾರಿಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಬ್ಯಾಟರಿ ಭಾರ. ಆ ಭಾರಕ್ಕಾಗಿ ಹೊಗೆ ಬಿಡದ ಲಾರಿಗಳು ಮಾಮೂಲಿ ಮಿತಿಗಿಂತ ಎರಡು ಟನ್‌ವರೆಗೆ ಜಾಸ್ತಿ ತೂಗಬಹುದು ಎಂದು ಯುರೋಪಿನ ಒಕ್ಕೂಟ 2019ರಲ್ಲಿ ಅನುಮತಿ ಕೊಟ್ಟಿದೆ. ಜರ್ಮನಿ ಅಂಥ ಲಾರಿಗಳಿಗೆ ಹೆದ್ದಾರಿ ಸುಂಕವನ್ನೂ ಬಿಟ್ಟಿದೆ. ಅಂದರೆ ತೂಕ ಜಾಸ್ತಿ, ಸುಂಕ ಸೊನ್ನೆ. ಇವತ್ತು ಅಂಥ ಲಾರಿಗಳು ಕಡಿಮೆ ಇವೆ, ಯಾರಿಗೂ ಬಿಸಿ ತಟ್ಟುವುದಿಲ್ಲ. ರಸ್ತೆ ತುಂಬಾ ಅವೇ ಓಡುವ ದಿನ ಬಂದ ಮೇಲೆ, ಸಾವಿರಾರು ಮಾಲೀಕರು ಆ ಸೊನ್ನೆಯನ್ನು ನಂಬಿ ಸಾಲ ಮಾಡಿ ಗಾಡಿ ಕೊಂಡ ಮೇಲೆ, ಸುಂಕ ಕಟ್ಟಿ ಎಂದರೆ ಮತ್ತೆ ಕೆಂಪು ಟೋಪಿಗಳು ಹೊರಗೆ ಬರುತ್ತವೆ. ಆಗ ಅವರನ್ನು ತಪ್ಪು ಎನ್ನಲು ನನ್ನಿಂದಾಗದು. ಈಗಲೇ ಹೇಳಿಬಿಡಲಿ: ಇಷ್ಟು ವರ್ಷ ರಿಯಾಯಿತಿ, ಇಂಥ ವರ್ಷದಿಂದ ಆಕ್ಸಲ್ ತೂಕಕ್ಕೆ ಮತ್ತು ಓಡಿದ ದೂರಕ್ಕೆ ಇಷ್ಟು ದರ, ಬಂದ ದುಡ್ಡು ಇಂಥ ಕೆಲಸಕ್ಕೆ. ಗಾಡಿ ಕೊಳ್ಳುವ ಮುಂಚೆ ಆ ದರಪಟ್ಟಿ ಮಾಲೀಕನ ಕೈಯಲ್ಲಿರಲಿ. ಆಕ್ಸಲ್ ನಾಲ್ಕು ಬೇಕೋ ಐದು ಬೇಕೋ ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.